ಸಮುದ್ರದ ಗಾಳಿಗೆ ಜಗ್ಗದ ಸ್ಪೀಕರ್ ಪಿನ್: ನನ್ನ ಅನುಭವ

ಮುಂಬೈಯ ಕಡಲದಂಡೆಯ ವರ್ಸೋವಾದಲ್ಲಿ ಬರಿ ತಾಮ್ರದ ವೈರನ್ನು ಸ್ಪೀಕರ್ ಹಿಂದೆ ಸುತ್ತಿಟ್ಟರೆ ಮೊದಲ ಮಳೆಗಾಲಕ್ಕೆ ಹೊಳಪು ಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ. ಅದಕ್ಕೇ ನಾನು ವೈರಿನ ತುದಿಗೆ ಪಿನ್, ಅಂದರೆ ಸ್ಪೀಕರಿಗೂ ಆಂಪ್ಲಿಫೈಯರಿಗೂ ಸಿಕ್ಕಿಸುವ ಲೋಹದ ಮೊನೆ, ಹಾಕಿದೆ. ಬೆಂಗಳೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನ ಮನೆಯಲ್ಲಿ ಅದೇ ವೈರು ವರ್ಷಗಟ್ಟಲೆ ಕೆಂಪಗೆ ಹಾಗೇ ಕೂತಿದೆ. "ಭಾವ, ಪಿನ್ನು ಗಿನ್ನು ಎಲ್ಲ ಯಾಕೆ, ವೈರ್ ಸುಲಿದು ಸಿಕ್ಕಿಸಿದ್ರೆ ಆಯ್ತಪ್ಪ, ಸುಮ್ನೆ ದುಡ್ಡು ದಂಡ" ಅಂತಾನೆ ಅವನು. ಅವನ ಊರಿಗೆ ಆ ಮಾತು ಸರಿ. ಇಲ್ಲಿ ಕಿಟಕಿ ಮುಚ್ಚಿದರೂ ಉಪ್ಪುಗಾಳಿ ಒಳಗೆ ಬರುತ್ತದೆ.

ಬರಿ ವೈರಿನಿಂದ ಸದ್ದು ಕೆಡುತ್ತದೆ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಹೊಸದಾಗಿ ಸುಲಿದು ಬಿಗಿಯಾಗಿ ಕಚ್ಚಿಸಿದ ತಾಮ್ರಕ್ಕಿಂತ ಒಳ್ಳೆಯ ಜೋಡಣೆ ಕಷ್ಟ. ಪಿನ್ ಹಾಕಿದರೆ ಮಧ್ಯೆ ಇನ್ನೊಂದು ಜೋಡಣೆ ಜಾಸ್ತಿಯೇ ಆಗುತ್ತದೆ, ಅಲ್ವಾ? ಆದರೆ ಅದೆಲ್ಲ ಲೆಕ್ಕಕ್ಕೆ ಬರುವಷ್ಟಿಲ್ಲ. ನನ್ನ ವೈರು 2.5 ಚದರ ಮಿಲಿಮೀಟರಿನದು. ಅಷ್ಟು ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 7 ಮಿಲಿಓಮ್ (ಓಮಿನ ಸಾವಿರದ ಒಂದು ಭಾಗ) ತಡೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ 4 ಮೀಟರ್, ಹೋಗಿ ಬರಲು 8 ಮೀಟರ್, ಒಟ್ಟು 56 ಮಿಲಿಓಮ್. ವೈರಿನ ತಡೆ ಸ್ಪೀಕರಿನ ತಡೆಯ ನೂರಕ್ಕೆ ಐದರೊಳಗೆ ಇರಲಿ ಅನ್ನುವುದು ರೂಢಿಯ ಲೆಕ್ಕ. 8 ಓಮ್ ಸ್ಪೀಕರಿಗೆ ಅದು 400 ಮಿಲಿಓಮ್ ಆಯಿತು. ಹಾಗಾಗಿ ಒಳ್ಳೆಯ ಪಿನ್ ಒಂದೆರಡು ಮಿಲಿಓಮ್ ಸೇರಿಸಿದರೂ ಕಿವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಿಲುಬು ಹಿಡಿದು ಸಡಿಲವಾದ ಜೋಡಣೆ: ಒಂದು ಕಡೆಯ ಸ್ಪೀಕರ್ ಚರಚರ ಅನ್ನುತ್ತೆ, ವೈರು ಅಲ್ಲಾಡಿಸಿದರೆ ಸರಿಹೋಗುತ್ತೆ, ಮತ್ತೆ ಶುರುವಾಗುತ್ತೆ. ಇನ್ನೊಂದು ತಾಪತ್ರಯ ವೈರಿನ ಎಳೆ. ಬಿಡಿಯಾದ ಒಂದು ಎಳೆ ಕೆಂಪು ಕಪ್ಪು ಎರಡಕ್ಕೂ ತಾಗಿದರೆ ಆಂಪ್ ತಾನೇ ಬಂದ್ ಆಗುತ್ತದೆ, ಇಲ್ಲವೇ ಒಳಗೆ ಏನಾದರೂ ಸುಟ್ಟುಹೋಗುತ್ತದೆ.

ನಮ್ಮದು ಒನ್ ಬಿಎಚ್‌ಕೆ. ಸ್ಪೀಕರ್ ಸರಿಸದೆ ಕಸ ಗುಡಿಸಲು ಆಗುವುದಿಲ್ಲ. ಹಾಗಾಗಿ ಬೇಗ ಬಿಚ್ಚಿ ಬೇಗ ಹಾಕುವಂಥದ್ದೇ ಬೇಕಿತ್ತು. ಸ್ಪೇಡ್, ಅಂದರೆ ಸ್ಕ್ರೂ ಕೆಳಗೆ ಕೂರುವ ಕವಲು ಬಾಯಿಯ ಲಗ್, ಹಿಡಿತದಲ್ಲಿ ನಿಜವಾಗಿ ಉತ್ತಮ. ಒಮ್ಮೆ ಬಿಗಿದು ವರ್ಷಗಟ್ಟಲೆ ಮುಟ್ಟದೆ ಇರುವವರು ಅದನ್ನೇ ಹಾಕಲಿ. ಪ್ರತಿ ವಾರ ಆಂಪ್ ಹಿಂದೆ ಕೈ ತೂರಿಸಿ ಸ್ಕ್ರೂ ತಿರುಗಿಸುವ ತಾಳ್ಮೆ ನನಗಿಲ್ಲ. ಯಕ್ಷಗಾನಕ್ಕೆ ಸೌಂಡ್ ತರುವವರು ಬಳಸುವ ಸ್ಪೀಕಾನ್ ಅನ್ನುವ ದಪ್ಪ ಪ್ಲಗ್ ನನಗೆ ತುಂಬಾ ಇಷ್ಟ, ತಿರುಗಿಸಿದರೆ ಲಾಕ್ ಆಗುತ್ತದೆ, ಯಾರಾದರೂ ಎಡವಿದರೂ ಕಳಚುವುದಿಲ್ಲ. ಆದರೆ ಮನೆಯ ಆಂಪ್‌ನಲ್ಲಿ ಸಾಮಾನ್ಯವಾಗಿ ಅದರ ಸಾಕೆಟ್ಟೇ ಇರಲ್ಲ. ಉಳಿದದ್ದು ಬನಾನಾ ಪಿನ್. 4 ಮಿಲಿಮೀಟರ್ ಅಳತೆ, ಹೆಚ್ಚು ಕಡಿಮೆ ಎಲ್ಲ ಬೈಂಡಿಂಗ್ ಪೋಸ್ಟಿಗೂ, ಅಂದರೆ ಆಂಪ್ ಮತ್ತು ಸ್ಪೀಕರಿನ ಹಿಂದೆ ವೈರು ಹಿಡಿಯುವ ಕೆಂಪು ಕಪ್ಪು ತಿರುಪಿಗೂ, ಕೂರುತ್ತದೆ.

ಅದನ್ನು ಕೊಳ್ಳಲು ಹೊರಟೆ: ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಸ್ಲೋ ಲೋಕಲ್ ಹಿಡಿದು ಗ್ರ್ಯಾಂಟ್ ರೋಡ್. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಾದರೆ ಭಾನುವಾರ ಬೇಡ, ಬಹುತೇಕ ಅಂಗಡಿ ಮುಚ್ಚಿರುತ್ತವೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ್ ಭಡಕಮ್ಕರ್ ಮಾರ್ಗ ಅಂತಿದ್ದರೂ ಕೇಳುವಾಗ ಎಲ್ಲರೂ ಲ್ಯಾಮಿಂಗ್ಟನ್ ರೋಡ್ ಅಂತಲೇ ಕೇಳುತ್ತಾರೆ. ಅಂಗಡಿಯವನು ಮೊದಲು ತೋರಿಸಿದ್ದು ಫಳಫಳ ಹೊಳೆಯುವ ಚಿನ್ನದ ಲೇಪದ ಪಿನ್. "ಸಾಬ್, ಚೌಬೀಸ್ ಕ್ಯಾರೆಟ್" (ಇಪ್ಪತ್ನಾಲ್ಕು ಕ್ಯಾರೆಟ್) ಅಂದ. ಇರಬಹುದು, ಆದರೆ ಒಳಗಿರುವುದು ಹಿತ್ತಾಳೆ. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿ ಮೊದಲು, ಆಮೇಲೆ ತಾಮ್ರ, ಅದಾದ ಮೇಲೆ ಚಿನ್ನ. ಹಿತ್ತಾಳೆಯಂತೂ ತಾಮ್ರದ ಕಾಲು ಭಾಗಕ್ಕಿಂತ ತುಸು ಜಾಸ್ತಿ ಅಷ್ಟೇ. ಪಿನ್ ಇರುವುದು ಒಂದೆರಡು ಇಂಚು ಉದ್ದ, ಅದರಿಂದ ತೊಂದರೆಯಿಲ್ಲ. ಚಿನ್ನದ ಉಪಯೋಗ ಒಂದೇ, ಅದು ಕಿಲುಬುವುದಿಲ್ಲ. ನಮ್ಮ ಹವೆಗೆ ಅದು ಸಣ್ಣ ವಿಷಯವಲ್ಲ. ಅದಕ್ಕೇ ಚಿನ್ನದ ಲೇಪದ್ದನ್ನೇ ತಗೊಂಡೆ, ಆದರೆ ಹೊಳಪು ನೋಡಿ ಅಲ್ಲ.

ನಾನು ನೋಡಿದ್ದು ಒಳಗಡೆ ವೈರನ್ನು ಯಾವುದು ಹಿಡಿಯುತ್ತದೆ ಅಂತ. ತುಂಬ ಅಗ್ಗದ ಪಿನ್ನುಗಳಲ್ಲಿ ವೈರಿನ ಎಳೆಗಳನ್ನು ಬಿಡಿಸಿ ಮಡಚಿ ಮೇಲಿಂದ ಮುಚ್ಚಳ ತಿರುಗಿಸಬೇಕು. ಕೈಯಲ್ಲಿ ಎಷ್ಟು ತಿರುಗಿಸಿದರೂ ಒಂದು ಎಳೆತಕ್ಕೆ ಹೊರಗೆ ಬರುತ್ತದೆ. ಇನ್ನೊಂದು ಬಗೆಯಲ್ಲಿ ಪಕ್ಕದಿಂದ ಎರಡು ಚಿಕ್ಕ ಸ್ಕ್ರೂ ಒತ್ತುತ್ತವೆ. ನನ್ನ ಆಯ್ಕೆ ಇದು. ಒಂದೇ ಸ್ಕ್ರೂ ಇರುವುದು ಬೇಡ, ವೈರು ಅದರ ಸುತ್ತ ತಿರುಗುತ್ತದೆ. ಸಾಕೆಟ್ಟಿಗೆ ಹೋಗುವ ತುದಿಯ ಸ್ಪ್ರಿಂಗನ್ನೂ ಬೆರಳಲ್ಲಿ ಅದುಮಿ ನೋಡಿ. ಒತ್ತಿ ಬಿಟ್ಟರೆ ಪಟ್ಟನೆ ಹಿಂದೆ ಬರಬೇಕು, ಮಂಕಾಗಿದ್ದರೆ ಅಲ್ಲೇ ಬಿಟ್ಟುಬನ್ನಿ.

ಈ ಸ್ಕ್ರೂ ಪಿನ್ನಿಗೆ ವೈರು ಹಾಕುವ ಮೊದಲು ತುದಿಗೆ ಸೋಲ್ಡರ್ ಬಳಿಯುವ ಅಭ್ಯಾಸ ಬಹಳ ಜನಕ್ಕಿದೆ. ಎಳೆಗಳು ಚೆಲ್ಲಾಪಿಲ್ಲಿ ಆಗಲ್ಲ, ನೋಡಲು ಚಂದ. ಆದರೆ ಸೋಲ್ಡರ್ ಮೆತ್ತನೆಯ ಲೋಹ. ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ, ಕೆಲವು ತಿಂಗಳಲ್ಲಿ ಬಿಗಿದ ಸ್ಕ್ರೂ ಸಡಿಲ. ಸೋಲ್ಡರ್ ಮಾಡುವುದಾದರೆ ಸ್ಕ್ರೂ ಇಲ್ಲದ, ಸೋಲ್ಡರಿಗೆಂದೇ ಬಟ್ಟಲು ಇರುವ ಪಿನ್ ತಗೊಂಡು ಪೂರ್ತಿ ಸೋಲ್ಡರ್ ಮಾಡಿ. ನಾನು ಮಾಡಿದ್ದು ಬೇರೆ: ಎಲೆಕ್ಟ್ರಿಷಿಯನ್‌ಗಳು ಪ್ಯಾನೆಲ್ ಬೋರ್ಡಿನಲ್ಲಿ ಹಾಕುವ ಫೆರೂಲ್, ಅಂದರೆ ತವರ ಲೇಪಿಸಿದ ಚಿಕ್ಕ ತಾಮ್ರದ ಕೊಳವೆ. 2.5ರ ವೈರಿಗೆ 2.5ರದ್ದೇ ಬೇಕು. ಎಳೆಗಳನ್ನು ಅದರೊಳಗೆ ತೂರಿಸಿ ಫೆರೂಲಿನ ಕ್ರಿಂಪಿಂಗ್ ಪಕ್ಕಡ್‌ನಲ್ಲಿ ಅದುಮಿದೆ. ಮಾಮೂಲಿ ಪಕ್ಕಡ್‌ನಿಂದ ಚಪ್ಪಟೆ ಮಾಡಿದರೆ ಸಾಲದು. ಸರಿಯಾಗಿ ಅದುಮಿದ ಫೆರೂಲಿನಲ್ಲಿ ಎಳೆಗಳ ಮಧ್ಯೆ ಗಾಳಿಗೆ ಜಾಗವೇ ಉಳಿಯುವುದಿಲ್ಲ, ಹಾಗಾಗಿ ಕಿಲುಬೂ ಒಳಗೆ ಹೋಗಲ್ಲ. ಆಮೇಲೆ ಅದನ್ನು ಪಿನ್ನೊಳಗಿಟ್ಟು ಎರಡೂ ಸ್ಕ್ರೂ ಬಿಗಿದೆ. ಪಿನ್ನಿನ ಹಿಂಭಾಗ ಮತ್ತು ವೈರಿನ ಹೊದಿಕೆ ಸೇರುವ ಕಡೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿಗೆ ಕುಗ್ಗಿ ಅಪ್ಪಿಕೊಳ್ಳುವ ಪ್ಲಾಸ್ಟಿಕ್ ಕೊಳವೆ, ಹಾಕಿ ಬಿಸಿ ಮಾಡಿದೆ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು. ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಕೊಂಡಿರಬೇಕು, ಆಮೇಲೆ ಪಿನ್ ದಾಟಿ ಬರಲ್ಲ.

ಇಷ್ಟೆಲ್ಲ ಮಾಡುವ ಮೊದಲು ವೈರು ನಿಜಕ್ಕೂ ತಾಮ್ರವೇ ಅಂತ ನೋಡಿಕೊಳ್ಳಿ. ಮೇಲೆ ತಾಮ್ರ, ಒಳಗೆ ಅಲ್ಯೂಮಿನಿಯಂ ಇರುವ ವೈರು ಧಾರಾಳ ಸಿಗುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಬೆಳ್ಳಗೆ ಕಾಣುತ್ತದೆ, ಸುರುಳಿ ಎತ್ತಿದರೆ ಹಗುರ. ಅದರ ತಡೆ ತಾಮ್ರದ ಸುಮಾರು ಒಂದೂವರೆ ಪಟ್ಟು. ಸ್ಕ್ರೂ ಕೆಳಗೆ ಅದೂ ಸೋಲ್ಡರಿನ ಹಾಗೇ ಸಡಿಲವಾಗುತ್ತದೆ.

ಮಕ್ಕಳಿರುವ ಮನೆಯವರು ಇದನ್ನು ಓದಲೇಬೇಕು. ಎರಡು ಪಿನ್ನಿನ ಯುರೋಪಿನ ಪ್ಲಗ್ಗಿಗೂ 4 ಮಿಲಿಮೀಟರ್ ದಪ್ಪದ ಪಿನ್, ಮಧ್ಯೆ ಸುಮಾರು 19 ಮಿಲಿಮೀಟರ್ ಅಂತರ. ಎರಡು ಪಿನ್ ಒಟ್ಟಿಗಿರುವ ಜೋಡಿ ಬನಾನಾ ಪ್ಲಗ್ಗಿಗೂ ಹೆಚ್ಚು ಕಡಿಮೆ ಅದೇ ಅಂತರ. ಅಂದರೆ ಆ ಪ್ಲಗ್ ಹಿಡಿಸುವ ಗೋಡೆಯ ಸಾಕೆಟ್ಟಿನಲ್ಲೂ ಎಕ್ಸ್‌ಟೆನ್ಶನ್ ಬೋರ್ಡಿನಲ್ಲೂ ಬನಾನಾ ಪಿನ್ ಆರಾಮಾಗಿ ಹೋಗುತ್ತದೆ. ಯುರೋಪಿಗೆ ಹೋಗುವ ಆಂಪ್ ಮತ್ತು ಸ್ಪೀಕರ್‌ಗಳ ತೂತಿಗೆ ಪ್ಲಾಸ್ಟಿಕ್ ಬಿರಡೆ ಹಾಕಿ ಕಳಿಸುವುದು ಇದೇ ಕಾರಣಕ್ಕೆ. ಆದ್ದರಿಂದ ಬಿಚ್ಚಿದ ವೈರನ್ನು ನಾನು ನೆಲದ ಮೇಲೆ ಬಿಡುವುದಿಲ್ಲ. ಎರಡೂ ತುದಿ ಬಿಚ್ಚಿ ಸುತ್ತಿ ಮೇಲಿಡುತ್ತೇನೆ. ಆಂಪ್ ಆಫ್ ಮಾಡದೆ ಪಿನ್ ಮುಟ್ಟುವುದೂ ಇಲ್ಲ, ಎರಡು ಪಿನ್ ಒಂದಕ್ಕೊಂದು ತಾಗಿದರೆ ಶಾರ್ಟೇ.

ಕೆಂಪು ಕಪ್ಪು ಅದಲುಬದಲಾಗಿದೆಯೇ ಅಂತ ನೋಡಲು 1.5 ವೋಲ್ಟಿನ ಸೆಲ್ ಸಾಕು. ಆಂಪ್ ಕಡೆಯ ಎರಡೂ ಪಿನ್ ಹೊರಗೆ ತೆಗೆದು, ಕೆಂಪನ್ನು ಸೆಲ್ಲಿನ ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ. ದೊಡ್ಡ ಕೋನ್ ಹೊರಗೆ ಬಂದರೆ ಸರಿ. ಎರಡು ಸ್ಪೀಕರಿನಲ್ಲಿ ಒಂದು ಮಾತ್ರ ಉಲ್ಟಾ ಇದ್ದರೆ ಬೇಸ್ ಎಲ್ಲೋ ಕರಗಿಹೋಗುತ್ತದೆ, ಮೃದಂಗದ ಎಡಗೈ ಸದ್ದೇ ಕೇಳಿಸಲ್ಲ.

ಹಿಂದುಗಡೆಯ ಚಿಕ್ಕ ಸರೌಂಡ್ ಸ್ಪೀಕರುಗಳಿಗೆ ಬನಾನಾ ಹೋಗುವುದಿಲ್ಲ, ಒತ್ತಿ ಬಿಡುವ ಸ್ಪ್ರಿಂಗ್ ಕ್ಲಿಪ್ ಇದೆ. ಅಲ್ಲಿಗೆ ಪಿನ್ ಕೊಳ್ಳಲಿಲ್ಲ, 1.5ರ ವೈರಿಗೆ ಅದೇ ಅಳತೆಯ ಫೆರೂಲ್ ಅದುಮಿ ನೇರ ಸಿಕ್ಕಿಸಿದೆ. ಮೇ ತಿಂಗಳ ಕೊನೆಗೆ, ಮಳೆ ಶುರುವಾಗುವ ಮೊದಲು, ಎಲ್ಲ ಪಿನ್ನುಗಳ ಸ್ಕ್ರೂ ಒಂದು ಸುತ್ತು ನೋಡಿ, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತೇನೆ. ಹಿಂದಿನ ಸಲ ಒಂದು ಪಿನ್ ಬಿಚ್ಚಿ ಒಳಗೆ ನೋಡಿದೆ, ಫೆರೂಲಿನ ಬಾಯಲ್ಲಿ ಹಸಿರು ಇರಲಿಲ್ಲ.