ಇಂಗಾಲ ಹಿಡಿಯುವ ಮುನ್ನ ಬೂದಿ ಹಿಡಿಯಬೇಕು

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಬೇರ್ಪಡಿಸುವ ಸಣ್ಣ ಪ್ರಾಯೋಗಿಕ ಘಟಕವೊಂದನ್ನು ನಾನು ನಡೆಸಿದ್ದೇನೆ. ಹೊಗೆಯನ್ನು ಸುಮಾರು 40 ಡಿಗ್ರಿಗೆ ತಣಿಸಿ ಗೋಪುರದ ಬುಡದಿಂದ ಬಿಡುತ್ತಿದ್ದೆವು. ಮೇಲಿನಿಂದ ಅಮೀನ್ ದ್ರಾವಣ ಇಳಿಯುತ್ತಿತ್ತು, ನಮ್ಮದು ಶೇ 30ರಷ್ಟು ಮೊನೊಎಥನೋಲಮೀನ್ ಎಂಬ ಅಮೀನ್ ಬೆರೆಸಿದ ನೀರು. ಅನಿಲವನ್ನು ಹೀರಿಕೊಂಡ ದ್ರಾವಣವನ್ನು ಎರಡನೆಯ ಗೋಪುರದಲ್ಲಿ 120 ಡಿಗ್ರಿಯವರೆಗೆ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಮತ್ತೆ ಮೊದಲ ಗೋಪುರಕ್ಕೆ ಹಿಂದಿರುಗುತ್ತದೆ.

ಆರಂಭದ ವಾರಗಳಲ್ಲಿ ಹೊಗೆಯಲ್ಲಿದ್ದ ಡೈಆಕ್ಸೈಡಿನ ಶೇ 90ರಷ್ಟು ಸಿಗುತ್ತಿತ್ತು. ಗೆದ್ದೆವು ಎಂದೇ ನಂಬಿದ್ದೆ.

ಪ್ರತಿ ಪಾಳಿಯಲ್ಲೂ ಗಾಜಿನ ಸೀಸೆಯಲ್ಲಿ ದ್ರಾವಣದ ಮಾದರಿ ತೆಗೆದು ಕಿಟಕಿಯ ಬಳಿ ಸಾಲಾಗಿ ಇಡುತ್ತಿದ್ದೆ. ಮೊದಲನೆಯದು ನೀರಿನಷ್ಟು ತಿಳಿ. ಬರಬರುತ್ತ ಹಳದಿ, ಮೂರನೆಯ ತಿಂಗಳಿಗೆ ಗಾಢ ಕಂದು. ಒಂದು ರಾತ್ರಿ ಗೋಪುರದ ಮೇಲಿನ ಮತ್ತು ಕೆಳಗಿನ ಒತ್ತಡದ ಅಂತರ ಏರತೊಡಗಿತು. ನೋಡುಕಿಂಡಿಗೆ ಟಾರ್ಚ್ ಹಿಡಿದರೆ ಒಳಗೆಲ್ಲ ನೊರೆ! ನೊರೆ ನಿವಾರಕ ಸುರಿದೆ, ಅರ್ಧ ಗಂಟೆ ತಗ್ಗಿತು. ಮರುದಿನ ಮತ್ತೆ ಎದ್ದಿತು, ಮತ್ತಷ್ಟು ಸುರಿದೆ. ಅದು ತಪ್ಪು. ಅತಿಯಾದ ನಿವಾರಕವೇ ನೊರೆ ಎಬ್ಬಿಸಬಲ್ಲದು.

ಉತ್ತರ ಸೀಸೆಯಲ್ಲೇ ಇತ್ತು. ಕುಲುಕಿ ಒಂದು ದಿನ ಬಿಟ್ಟಾಗ ತಳದಲ್ಲಿ ಕಪ್ಪು ನುಣುಪು ಗಸಿ ಕುಳಿತಿತ್ತು: ಹಾರುಬೂದಿ ಮತ್ತು ಕಬ್ಬಿಣ. ವಿದ್ಯುದಾವೇಶದಿಂದ ಹೊಗೆಯ ಬೂದಿ ಹಿಡಿಯುವ ಸಾಧನವಾದ ಇಎಸ್‌ಪಿಯ ಒಂದು ಭಾಗ ಸ್ಥಾವರದಲ್ಲಿ ಕೆಲಸ ನಿಲ್ಲಿಸಿತ್ತು, ಗಂಧಕ ತೊಳೆಯುವ ಘಟಕವೂ ಸರಿಯಾಗಿ ನಡೆಯುತ್ತಿರಲಿಲ್ಲ. ಗಂಧಕದ ಡೈಆಕ್ಸೈಡ್ ಅಮೀನ್ ಜೊತೆ ಸೇರಿದರೆ ಎಷ್ಟು ಕಾಯಿಸಿದರೂ ಬಿಡದ ಲವಣವಾಗುತ್ತದೆ. ಕರಗಿದ ಕಬ್ಬಿಣ ಆಮ್ಲಜನಕದ ಜೊತೆ ಸೇರಿ ದ್ರಾವಣ ಕೆಡುವ ವೇಗ ಹೆಚ್ಚಿಸುತ್ತದೆ. ಇಎಸ್‌ಪಿ ದುರಸ್ತಿ ಮಾಡಿಸಿ, ಶೋಧಕ ಬದಲಾಯಿಸಿ, ಸಕ್ರಿಯ ಇದ್ದಿಲಿನ ಹಾಸು ಹೊಸದಾಗಿ ತುಂಬಿದ ಮೇಲೆಯೇ ಗೋಪುರ ಶಾಂತವಾಯಿತು. ಕೆನಡಾದಲ್ಲಿ 2014ರಲ್ಲಿ ಆರಂಭವಾದ ಬೌಂಡರಿ ಡ್ಯಾಮ್ ಇಂಗಾಲ ಹಿಡಿಯುವ ಘಟಕಕ್ಕೂ ಹಾರುಬೂದಿ ಕಾಡಿತ್ತು ಎಂದು ಆಮೇಲೆ ಓದಿದೆ.

ಇನ್ನೊಂದು ಜಗಳ ಉಗಿಯದು. ದ್ರಾವಣದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡ್ ಬಿಡಿಸಲು ಸುಮಾರು 3.5ರಿಂದ 4 ಗಿಗಾಜೌಲ್ ಶಾಖ ಬೇಕು, ಅದಕ್ಕೆ ಟರ್ಬೈನಿನ ಉಗಿಯನ್ನೇ ಎಳೆಯುತ್ತಿದ್ದೆವು. "ಸರ್, ನೀವು ಎಳೆಯುವ ಪ್ರತಿ ಟನ್ ಉಗಿಗೂ ನನ್ನ ವಿದ್ಯುತ್ ಕಡಿಮೆಯಾಗುತ್ತದೆ," ಎಂದು ಟರ್ಬೈನ್ ನಿರ್ವಾಹಕರು ಹೇಳುತ್ತಿದ್ದುದು ಸರಿಯೇ. ತಣ್ಣಗಿನ ದ್ರಾವಣಕ್ಕೆ ಬಿಸಿ ದ್ರಾವಣದಿಂದ ಶಾಖ ದಾಟಿಸುವ ವಿನಿಮಯಕದಲ್ಲೂ ಅದೇ ಗಸಿ ಕುಳಿತು ಉಗಿಯ ಬಳಕೆ ಏರಿತ್ತು. ತೊಳೆದ ದಿನವೇ ಇಳಿಯಿತು.

ಹಿಡಿದ ಅನಿಲವನ್ನು ನೆಲದಡಿ ಸಂಗ್ರಹಿಸುವ ಭಾಗ ನಮ್ಮ ಪಾಲಿಗೆ ಬರಲಿಲ್ಲ. ಅದನ್ನು ಅಳೆದು ಚಿಮಣಿಗೇ ಬಿಡುತ್ತಿದ್ದೆವು, ಆ ಕವಾಟ ತೆರೆಯುವಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನಾರ್ವೆಯ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದಲೇ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಕೆಳಗಿನ ಮರಳುಗಲ್ಲಿಗೆ ಇಳಿಸುತ್ತಿದ್ದಾರೆ. ನಾನು ಈಗ ಹೊಸ ಘಟಕದ ನಕ್ಷೆ ನೋಡುತ್ತಿದ್ದೇನೆ. ಅದರಲ್ಲಿ ಚಿಮಣಿಗೆ ಹಿಂದಿರುಗುವ ಕೊಳವೆಯ ಪಕ್ಕದಲ್ಲೇ, ಅನಿಲವನ್ನು ಒತ್ತಿ ಸಂಗ್ರಹಣೆಗೆ ಕಳಿಸುವ ಕಂಪ್ರೆಸರ್‌ಗೆ ಜಾಗ ಬಿಡಿಸಿದ್ದೇನೆ.