ಬೀಗ ಬಿದ್ದ ರಂಗಮಂದಿರ ತೆರೆಯುವ ಮುನ್ನ: ಮೊದಲು ಸೋರಿಕೆ, ಸುಣ್ಣಬಣ್ಣ ಆಮೇಲೆ

ಎಷ್ಟೋ ವರ್ಷ ಮುಚ್ಚಿದ್ದ ನಾಟಕಮಂದಿರವನ್ನೋ ಚಿತ್ರಮಂದಿರವನ್ನೋ ಊರವರೇ ಸೇರಿ ತೆರೆಯಲು ಹೊರಟಾಗ ಉತ್ಸಾಹವೆಲ್ಲ ಬಣ್ಣ, ಕುರ್ಚಿ, ಪರದೆಯ ಕಡೆಗೇ ಹರಿಯುತ್ತದೆ. ಹಣವೂ ಅಲ್ಲೇ ಕರಗುತ್ತದೆ. ಕಟ್ಟಡ ಕೆಡುವುದು ಮಾತ್ರ ಸೋರುವ ಮಾಡಿನಿಂದ, ಅಂದರೆ ಮೇಲ್ಛಾವಣಿಯಿಂದ.

ಮೊದಲು ಕಾಗದಪತ್ರ. ಗುಂಪನ್ನು ಟ್ರಸ್ಟ್ ಅಥವಾ ಸಂಘವಾಗಿ ನೋಂದಾಯಿಸಿ. ಗುತ್ತಿಗೆ ಕರಾರಿನಲ್ಲಿ ಅವಧಿ ಎಷ್ಟು, ಮಾಡಿನ ದುರಸ್ತಿ ಯಾರ ಹೊಣೆ ಎಂಬುದನ್ನು ನೋಡಿ. ಮಾಡು ಹೊದಿಸಿ ಐದೇ ವರ್ಷಕ್ಕೆ ಕೀಲಿ ವಾಪಸ್ ಕೊಡಬೇಕಾದ ಕರಾರಾದರೆ ಕೈಬಿಡುವುದೇ ಲೇಸು.

ಒಳಹೊಕ್ಕ ದಿನ ಮೇನ್ ಸ್ವಿಚ್ ಮುಟ್ಟಬೇಡಿ. ಹಳೆಯ ವೈರಿನ ರಬ್ಬರ್ ಹೊದಿಕೆ ಬೆರಳು ತಾಗಿದರೆ ಪುಡಿಯಾಗುವಷ್ಟು ಒಣಗಿರುತ್ತದೆ. ಬೆಳಕಿಗೆ ಪ್ರತ್ಯೇಕ ತಾತ್ಕಾಲಿಕ ಲೈನ್ ಎಳೆಸಿ, 30 ಮಿಲಿಆಂಪಿಯರ್ ವಿದ್ಯುತ್ ಸೋರಿಕೆಗೆ ಟ್ರಿಪ್ ಆಗುವ ಬ್ರೇಕರ್ ಹಾಕಿಸಿ. ಪಾರಿವಾಳದ ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಿದರೆ ಅದರ ದೂಳು ಶ್ವಾಸಕೋಶಕ್ಕೆ ಸೋಂಕು ತಂದೀತು. ನೀರು ಸಿಂಪಡಿಸಿ, ಮಾಸ್ಕ್ ಕಟ್ಟಿಕೊಂಡು ಬಳಿದು ತೆಗೆಯಿರಿ. ಪ್ರೊಜೆಕ್ಟರ್ ಕೋಣೆಯ ಹಲಗೆಗಳಲ್ಲಿ, ರಂಗದ ಬೆಂಕಿತಡೆ ಪರದೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್, ಇದರ ದೂಳು ಉಸಿರಿಗೆ ಅಪಾಯ) ಇರಬಹುದು. ಪರೀಕ್ಷೆಯ ವರದಿ ಬರುವವರೆಗೆ ಡ್ರಿಲ್ ಹಿಡಿಯುವಂತಿಲ್ಲ. ಅಲ್ಲೇ ಮೂಲೆಯಲ್ಲಿ 1950ರ ದಶಕದ ಮೊದಲಿನ ರೀಲ್ ಡಬ್ಬಿಗಳು ಸಿಕ್ಕರೆ ತೆರೆಯದೆ ಅಗ್ನಿಶಾಮಕದವರಿಗೆ ತಿಳಿಸಿ. ಆ ಕಾಲದ ನೈಟ್ರೇಟ್ ಫಿಲ್ಮ್ ಹೊತ್ತಿಕೊಂಡರೆ ನೀರಿಗೂ ಆರದು.

ಈಗ ನೀರು. ಸೋರಿಕೆಯ ಮೂಲ ಬಹುಪಾಲು ಎರಡು ಇಳಿಜಾರು ಸೇರುವ ಕಡೆ, ಇಲ್ಲವೇ ಮಾಡಿನ ಅಂಚಿನ ಮೋಟುಗೋಡೆಯ ಹಿಂದೆ ಮಳೆನೀರು ಹರಿಯುವ ದೋಣಿಯಲ್ಲಿರುತ್ತದೆ. ಒಬ್ಬರು ಏಣಿಯ ಮೇಲಿಂದ ಪೈಪಿನಲ್ಲಿ ಕೆಳಭಾಗದಿಂದ ಶುರುಮಾಡಿ ಒಂದೊಂದೇ ಭಾಗಕ್ಕೆ 20 ನಿಮಿಷ ನೀರು ಬಿಡಲಿ, ಇನ್ನೊಬ್ಬರು ಅಟ್ಟದಲ್ಲಿ ಟಾರ್ಚ್ ಹಿಡಿದು ನಿಲ್ಲಲಿ. ಎಲ್ಲೆಡೆ ಒಟ್ಟಿಗೆ ನೀರು ಸುರಿದರೆ ಯಾವ ಬಿರುಕು ಎಂದು ತಿಳಿಯುವುದೇ ಇಲ್ಲ. ಗೋಡೆಯ ಅರಳಿ ಸಸಿಯನ್ನು ಮೇಲೆ ಕತ್ತರಿಸಿದರಷ್ಟೇ ಸಾಲದು, ಬೇರು ದಪ್ಪಗಾಗುತ್ತಲೇ ಹೋಗುತ್ತದೆ. ಸೋರಿಕೆ ನಿಂತ ಮೇಲೆ ಕಿಟಕಿ ತೆರೆದು ಗಾಳಿಗೆ ಬಿಡಿ. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಮರದ ತೇವ ಶೇ 20ಕ್ಕಿಂತ ಕೆಳಗಿಳಿಯದೆ ಹಲಗೆ ಹೊದಿಸಬೇಡಿ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಮೆತ್ತುವುದಂತೂ ತೇವವನ್ನು ಒಳಗೇ ಕೂಡಿಹಾಕಿದಂತೆ.

ಅಲಂಕಾರದ ತೂಗುಚಾವಣಿಯನ್ನು ಕೆಳಗಿನಿಂದ ನೋಡಿ ಗಟ್ಟಿಯಿದೆ ಎನ್ನಲಾಗದು. 1901ರಲ್ಲಿ ತೆರೆದ ಲಂಡನ್ನಿನ ಅಪೋಲೊ ರಂಗಮಂದಿರದಲ್ಲಿ 2013ರ ಡಿಸೆಂಬರ್ 19ರಂದು ಪ್ರದರ್ಶನದ ನಡುವೆಯೇ ಚಾವಣಿಯ ಒಂದು ಭಾಗ ಪ್ರೇಕ್ಷಕರ ಮೇಲೆ ಬಿತ್ತು. ಗಾರೆಯನ್ನು ಮೇಲಿನ ಮರಕ್ಕೆ ಕಟ್ಟಿದ್ದ ಗೋಣಿನಾರಿನ ಕಟ್ಟುಗಳು ಸವೆದಿದ್ದವು. ಆ ಕಟ್ಟುಗಳು ಕಾಣುವುದು ಅಟ್ಟದಿಂದ ಮಾತ್ರ. ಬಲ್ಲವರನ್ನು ಹತ್ತಿಸಿ, ಲಿಖಿತ ವರದಿ ಪಡೆಯಿರಿ.

ಎಷ್ಟು ಜನ ಕೂರಬಹುದು ಎಂಬುದನ್ನು ಕುರ್ಚಿ ಎಣಿಸಿ ಹೇಳಲಾಗದು, ಬಾಗಿಲ ಅಗಲ ಅಳೆಯಬೇಕು. 1997ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಗೆ 59 ಮಂದಿ ಬಲಿಯಾದರು. ಹೆಚ್ಚುವರಿ ಕುರ್ಚಿಗಳಿಗಾಗಿ ಬಾಲ್ಕನಿಯ ದಾರಿ ಮುಚ್ಚಿಹೋಗಿತ್ತು. ಬಾಗಿಲು ಹೊರಕ್ಕೆ ತೆರೆಯಬೇಕು, ಪ್ರದರ್ಶನದ ವೇಳೆ ಚಿಲಕ ಇರಕೂಡದು.

ಇಷ್ಟು ಮುಗಿಯುವವರೆಗೆ ಇಡೀ ಮಂದಿರ ಮುಚ್ಚಿರಬೇಕಿಲ್ಲ. ಮುಂಭಾಗದ ಹಜಾರ ಸುರಕ್ಷಿತ ಎಂದು ಎಂಜಿನಿಯರ್ ಬರೆದುಕೊಟ್ಟರೆ ಅಲ್ಲೇ ಪುಟ್ಟ ಸಂಗೀತ ಕಛೇರಿ, ವಸ್ತುಪ್ರದರ್ಶನ ಶುರುಮಾಡಿ. ಎಷ್ಟು ಜನ ಬರುತ್ತಾರೆ, ಕರೆಂಟ್ ಬಿಲ್ ಎಷ್ಟಾಗುತ್ತದೆ ಎಂಬುದು ಗೊತ್ತಾಗುತ್ತದೆ. ಮಧ್ಯಂತರದಲ್ಲಿ ಹೆಂಗಸರ ಶೌಚಾಲಯದ ಮುಂದಿನ ಸಾಲು ಎಷ್ಟುದ್ದ ಎಂಬುದನ್ನೂ ಆಗಲೇ ನೋಡಿಕೊಳ್ಳಿ. ಹಳೆಯ ನಕ್ಷೆಗಳಲ್ಲಿ ಅದಕ್ಕೆ ಬಿಟ್ಟ ಜಾಗ ಸಾಲುವುದು ಅಪರೂಪ.