ದೂರ ನಿಂತು ನೋಡು, ಹತ್ತಿರ ಹೋಗಿ ನೋಡು

ಕಲಾ ಪ್ರದರ್ಶನಕ್ಕೆ ಹೋದಾಗ ಒಂದೊಂದು ಕೌದಿಯನ್ನೂ ನಾನು ಎರಡು ಸಲ ನೋಡುತ್ತೇನೆ. ಮೊದಲು ಹತ್ತು ಹನ್ನೆರಡು ಅಡಿ ದೂರದಿಂದ. ಆಮೇಲೆ ಒಂದು ಗೇಣಿನಷ್ಟು ಹತ್ತಿರದಿಂದ, ಕೈ ಹಿಂದೆ ಕಟ್ಟಿಕೊಂಡು. ದೂರದಿಂದ ಬಣ್ಣಗಳ ಕಟ್ಟು ಕಾಣುತ್ತದೆ. ಹತ್ತಿರ ಹೋದರೆ ಹೊಲಿದವರ ಕೈ ಕಾಣುತ್ತದೆ: ಹೊಲಿಗೆ ಎಲ್ಲಿ ಒತ್ತಾಗಿದೆ, ಎಲ್ಲಿ ಸಡಿಲ ಬಿಟ್ಟಿದ್ದಾರೆ, ಒಂದು ದಾರ ಮುಗಿದು ಇನ್ನೊಂದು ಎಲ್ಲಿ ಶುರುವಾಗಿದೆ. ದೂರದಿಂದಲೂ ಹತ್ತಿರದಿಂದಲೂ ನನ್ನನ್ನು ಹಿಡಿದು ನಿಲ್ಲಿಸುವ ಒಂದೇ ಒಂದು ಕೌದಿ ಸಿಕ್ಕರೂ ಸಾಕು, ಆ ದಿನ ನನಗೆ ಹೊಟ್ಟೆ ತುಂಬಿದಂತೆ.

ಹಾಸಿಗೆ ಮೇಲಿದ್ದ ಕೌದಿಗೆ ದೊಡ್ಡ ಕಲಾ ಮ್ಯೂಸಿಯಮ್ಮುಗಳಲ್ಲಿ ಜಾಗ ಸಿಕ್ಕಿದ್ದು ಅಂಥ ಹಳೆಯ ಕತೆಯೇನಲ್ಲ. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಅಮೆರಿಕದ ಹಳೆಯ ಕೌದಿಗಳನ್ನು ಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿತು. 1979ರಲ್ಲಿ ಅಲ್ಲಿನ ಒಹಾಯೊ ರಾಜ್ಯದ ಅಥೆನ್ಸ್ ಊರಲ್ಲಿ, ಒಂದು ಕಾಲಕ್ಕೆ ಹಸುಗಳಿದ್ದ ದೊಡ್ಡ ಕೊಟ್ಟಿಗೆಯಲ್ಲಿ, ‘ಕ್ವಿಲ್ಟ್ ನ್ಯಾಷನಲ್’ ಎಂಬ ಕೌದಿ ಪ್ರದರ್ಶನ ಶುರುವಾಯಿತು. ಇದಕ್ಕೆಲ್ಲ ಎಷ್ಟೋ ಮೊದಲೇ, 1886ರಲ್ಲಿ, ಇನ್ನೊಂದು ಅಥೆನ್ಸಿನಲ್ಲಿ, ಅಂದರೆ ಅಮೆರಿಕದ್ದೇ ಜಾರ್ಜಿಯಾ ರಾಜ್ಯದಲ್ಲಿ, ಹ್ಯಾರಿಯೆಟ್ ಪವರ್ಸ್ ತಮ್ಮ ಕೌದಿಯನ್ನು ಮೇಳವೊಂದರಲ್ಲಿ ಇಟ್ಟಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿದ ಹೆಂಗಸು ಆಕೆ. ಬೈಬಲಿನ ಕತೆಗಳನ್ನು ಬಟ್ಟೆಯಲ್ಲೇ ಕತ್ತರಿಸಿ ಕೂರಿಸಿದ್ದರು. ಆಗ ಕೊಳ್ಳಲು ಬಂದವರಿಗೆ ಕೊಡಲಿಲ್ಲ. ಕೆಲವು ವರ್ಷಗಳ ನಂತರ ದುಡ್ಡಿಗೆ ಕಷ್ಟವಾದಾಗ 5 ಡಾಲರಿಗೆ ಮಾರಬೇಕಾಯಿತು. ಮಾರಿದ ಮೇಲೂ ಅದನ್ನು ನೋಡಲು ಮತ್ತೆ ಮತ್ತೆ ಹೋಗುತ್ತಿದ್ದರಂತೆ. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ನಾನೂ ಕೌದಿ ಹೊಲಿಯುವವಳು. ನನ್ನ ಕೆಲಸದ ದಿಕ್ಕು ಬದಲಿಸಿದ್ದು ಮಾತ್ರ ಗೀಸ್ ಬೆಂಡ್ ಎಂಬ ಊರಿನ ಕೌದಿಗಳು. ಅಮೆರಿಕದ ದಕ್ಷಿಣದಲ್ಲಿ ಅಲಬಾಮಾ ನದಿ ಸುತ್ತಿ ಹರಿಯುವ ಒಂದು ಮೂಲೆ ಅದು. ಅಲ್ಲಿನ ಕಪ್ಪು ಜನಾಂಗದ ಹೆಂಗಸರು ಹೊಲದ ಕೆಲಸಕ್ಕೆ ತೊಟ್ಟು ಸವೆದ ಬಟ್ಟೆಗಳನ್ನು ಕೂಡಿಸಿ ಹೊಲಿದರು. 1942ರಲ್ಲಿ ಮಿಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳಿಂದಲೇ ಒಂದು ಕೌದಿ ಮಾಡಿದರು. 2002ರಲ್ಲಿ ಹ್ಯೂಸ್ಟನ್ನಿನಲ್ಲಿ, ಆಮೇಲೆ ವಿಟ್ನಿಯಲ್ಲಿ ಈ ಊರಿನ ಕೌದಿಗಳು ಪ್ರದರ್ಶನಕ್ಕೆ ಬಂದಾಗ ಕಲಾಲೋಕ ಬೆರಗಾಯಿತು. ಚಿತ್ರಗಳಲ್ಲಿ ಅವನ್ನು ನೋಡುತ್ತಾ ಕೂತಾಗ ನನ್ನ ಕಣ್ಣು ಒಂದು ಕಡೆ ನಿಂತುಬಿಟ್ಟಿತು. ಹಳೇ ಪ್ಯಾಂಟಿನ ಬಟ್ಟೆ ಬಿಸಿಲಿಗೆ ಬೆಳ್ಳಗಾಗಿದೆ. ಜೇಬು ಬಿಚ್ಚಿದ ಜಾಗದಲ್ಲಿ ಮಾತ್ರ ಮೊದಲಿನ ಗಾಢ ನೀಲಿ ಹಾಗೇ ಉಳಿದಿದೆ. ಆ ಜೇಬಿನ ಗುರುತನ್ನು ಯಾರೂ ಬರೆದದ್ದಲ್ಲ. ಅದರಷ್ಟು ಚೆಂದದ ಆಕಾರವನ್ನು ಬೇಕು ಅಂತ ಬರೆಯುವುದು ಕಷ್ಟ, ಅಲ್ವಾ?

ಆಮೇಲೆ ನಾನು ಹೂ ಬಳ್ಳಿ ಹುಡುಕುವುದನ್ನು ಬಿಟ್ಟೆ. ತಿಳಿ ಎಲ್ಲಿ ಮುಗಿಯುತ್ತದೆ, ಗಾಢ ಎಲ್ಲಿ ಶುರುವಾಗುತ್ತದೆ, ಅದನ್ನೇ ನೋಡತೊಡಗಿದೆ. ಅಂಥ ಗೆರೆಗಳು ಎಲ್ಲೆಲ್ಲೂ ಇವೆ. ಕಿಟಕಿ ಸರಳುಗಳ ನೆರಳು ಸಂಜೆ ನೆಲದ ಮೇಲೆ ಓರೆಯಾಗಿ ಉದ್ದವಾಗುತ್ತದೆ. ಅಂಗಿಯ ಕಾಲರ್ ಬಿಚ್ಚಿದರೆ ಒಳಗೆ ಮಾಸದ ಬಣ್ಣ ಸಿಗುತ್ತದೆ.

ಒಂದು ಕೌದಿ ಹೇಗೆ ಆಯಿತು ಅಂತ ಹೇಳುತ್ತೇನೆ. ಮಳೆ ನಿಂತ ಮೇಲೆ ಸಿಮೆಂಟಿನ ಗೋಡೆ ಆರುತ್ತಿತ್ತು. ಮೇಲ್ಗಡೆ ಆರಿ ಬೂದಿ ಬಣ್ಣ, ಕೆಳಗೆ ಇನ್ನೂ ಒದ್ದೆಯ ಕಪ್ಪು, ನಡುವೆ ಒಂದು ಅಂಕುಡೊಂಕು ಗೆರೆ. ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದೆ. ಹೀಗೆ ಮಾಡಿದರೆ ಬಣ್ಣದ ಮೋಹ ಕಳಚುತ್ತದೆ. ಕೆಂಪು, ಹಸಿರು ಪಕ್ಕಪಕ್ಕ ಇಟ್ಟಾಗ ಬೇರೆ ಬೇರೆ ಅನ್ನಿಸಿದರೂ ಎರಡರ ಗಾಢತೆ ಒಂದೇ ಆಗಿದ್ದರೆ ಕಪ್ಪು ಬಿಳುಪಿನಲ್ಲಿ ಒಂದೇ ಬೂದಿಯಾಗಿ ಕಾಣುತ್ತವೆ. ದೂರದಿಂದ ನೋಡಿದಾಗಲೂ ಅವುಗಳ ನಡುವಿನ ಗೆರೆ ಮಂಕಾಗುತ್ತದೆ. ಅದಕ್ಕೇ ತುಂಡು ಬಟ್ಟೆಗಳನ್ನು ನಾನು ಬಣ್ಣದ ಪ್ರಕಾರ ಜೋಡಿಸಿಡುವುದಿಲ್ಲ. ತಿಳಿ, ನಡು, ಗಾಢ ಅಂತ ಮೂರು ಬುಟ್ಟಿ ಇಟ್ಟಿದ್ದೇನೆ.

ಗೋಡೆಯ ಕೌದಿಗೆ ಒಗೆದು ಒಗೆದು ಮೆತ್ತಗಾದ ಒಂದು ಹಾಸಿಗೆ ಹೊದಿಕೆ, ಬೂದಿ ಬಣ್ಣದ ಅಂಗಿ, ಕಪ್ಪು ಅಸ್ತರಿನ ಬಟ್ಟೆ ತೆಗೆದುಕೊಂಡೆ. ಅಳತೆಪಟ್ಟಿ ಇಲ್ಲದೆ ಕತ್ತರಿಯಲ್ಲೇ ಗೆರೆ ಎಳೆದೆ. ಸುತ್ತ ಕಾಲು ಇಂಚು ಹೊಲಿಗೆಗೆ ಬಿಟ್ಟೆ. ಗೋಡೆ ಮೇಲೆ ಫ್ಲಾನಲ್ ಬಟ್ಟೆ ಹರಡಿದ್ದೇನೆ. ಹತ್ತಿ ಬಟ್ಟೆಯ ತುಂಡುಗಳು ಪಿನ್ ಇಲ್ಲದೇ ಅದಕ್ಕೆ ಅಂಟಿಕೊಳ್ಳುತ್ತವೆ, ಸುಮ್ನೆ ಎತ್ತಿ ಇನ್ನೊಂದು ಕಡೆ ಇಡಬಹುದು. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದೆ. ಒಂದು ತೆಳು ಸಾಸಿವೆ ಹಳದಿ ಪಟ್ಟಿ ಬೇಕು ಅನ್ನಿಸಿತು. ನಿಜವಾದ ಗೋಡೆಯಲ್ಲಿ ಅದು ಇರಲಿಲ್ಲ, ಕೌದಿ ಕೇಳಿತು.

ಹಿಂಬದಿ ಬಟ್ಟೆ, ಹತ್ತಿ ಪದರ, ಮೇಲ್ಭಾಗ, ಈ ಮೂರನ್ನೂ ಒಂದರ ಮೇಲೊಂದು ಹಾಸಿ ಕಚ್ಚಾ ಹೊಲಿಗೆ ಹಾಕುವಾಗ ನಡುವಿನಿಂದ ಹೊರಕ್ಕೆ ಹೋಗಬೇಕು. ಆಗ ಸುಕ್ಕು ಅಂಚಿಗೆ ಸರಿದುಹೋಗುತ್ತದೆ. ಹಿಂಬದಿ ಬಟ್ಟೆ ನಾಲ್ಕೂ ಕಡೆ ಒಂದಿಷ್ಟು ಜಾಸ್ತಿ ಇರಲಿ. ಆಮೇಲಿನ ಕೈಹೊಲಿಗೆಯೇ ನನಗೆ ಅತಿ ಇಷ್ಟದ ಭಾಗ, ಯಾಕೆಂದರೆ ಅಲ್ಲಿ ಎರಡನೇ ಸಲ ಚಿತ್ರ ಬರೆಯಬಹುದು. ಒತ್ತಾಗಿ ಹೊಲಿದ ಜಾಗ ತಗ್ಗಿ ಗಟ್ಟಿಯಾಗುತ್ತದೆ, ಬಿಟ್ಟ ಜಾಗ ಉಬ್ಬಿ ನಿಲ್ಲುತ್ತದೆ. ಒದ್ದೆ ಭಾಗಕ್ಕೆ ಒತ್ತು ಸಾಲು, ಆರಿದ ಭಾಗಕ್ಕೆ ಅಗಲ ಸಾಲು ಹಾಕಿದೆ. ಬಟ್ಟೆಯದೇ ಬಣ್ಣದ ದಾರ ಹಾಕಿದರೆ ಹೊಲಿಗೆಯ ನೆರಳಷ್ಟೇ ಕಾಣುತ್ತದೆ. ಬೇರೆ ಬಣ್ಣ ಹಾಕಿದರೆ ಗೆರೆಯೇ ಮುಂದೆ ಬರುತ್ತದೆ. ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸುವುದು ನನಗೆ ಹಿಡಿಸುವುದಿಲ್ಲ. ಹೊಲಿಗೆಗಳ ನಡುವಿನ ಅಂತರ ಸಮವಾಗಿದ್ದರೆ ಸಾಕು, ಕಣ್ಣು ಸಲೀಸಾಗಿ ಓಡುತ್ತದೆ.

ಪ್ರದರ್ಶನಕ್ಕೆ ಕಳಿಸುವವರಿಗೆ ಒಂದು ಮಾತು. ಎಷ್ಟೋ ಕಡೆ ಆಯ್ಕೆ ಮಾಡುವವರು ಮೊದಲು ನೋಡುವುದು ಫೋಟೋಗಳನ್ನೇ. ಇಡೀ ಕೌದಿಯದೊಂದು, ಹತ್ತಿರದಿಂದ ತೆಗೆದದ್ದೊಂದು ಕೇಳುತ್ತಾರೆ. ಹತ್ತಿರದ ಫೋಟೋಗೆ ಬೆಳಕು ಪಕ್ಕದಿಂದ ಬೀಳಲಿ, ಆಗಲೇ ಹೊಲಿಗೆಯ ತಗ್ಗು ಉಬ್ಬು ಎದ್ದು ಕಾಣುತ್ತದೆ. ತೂಗುಹಾಕಲು ಹಿಂಬದಿಯ ಮೇಲಂಚಿಗೆ ಸುಮಾರು 4 ಇಂಚು ಅಗಲದ ಬಟ್ಟೆಯ ಕೊಳವೆ ಹೊಲಿಯಿರಿ. ಅದರೊಳಗೆ ಕೋಲು ತೂರಿಸಿದರೆ ಭಾರ ಸಮವಾಗಿ ಹಂಚುತ್ತದೆ, ಮೂಲೆಗಳು ಜೋತುಬೀಳುವುದಿಲ್ಲ. ಮನೆಯಲ್ಲಿ ಬಿಸಿಲು ನೇರ ಬೀಳುವ ಗೋಡೆ ಬೇಡ. ಮಡಚಿ ಇಡುವುದಾದರೆ ಆಗಾಗ ಬಿಚ್ಚಿ ಬೇರೆ ಜಾಗದಲ್ಲಿ ಮಡಚಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ನೂಲು ಅಲ್ಲೇ ಸೋಲುತ್ತದೆ.

ಇನ್ನೊಂದು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ, ಅದು ಹೆಸರು. ಎಷ್ಟೋ ಹಳೆಯ ಕೌದಿಗಳನ್ನು ಮಾಡಿದವರು ಯಾರು ಅಂತ ಇಂದು ಯಾರಿಗೂ ಗೊತ್ತಿಲ್ಲ. ಹ್ಯಾರಿಯೆಟ್ ಪವರ್ಸ್ ತಮ್ಮ ಚಿತ್ರಗಳಿಗೆ ಕೊಟ್ಟ ವಿವರ ಉಳಿದದ್ದು ಕೊಂಡ ಹೆಂಗಸು ಅದನ್ನು ಬರೆದಿಟ್ಟಿದ್ದರಿಂದ. ನನ್ನ ಪ್ರತಿ ಕೌದಿಯ ಹಿಂದೆ ಹೆಸರು, ವರ್ಷ, ಯಾವ ಯಾವ ಬಟ್ಟೆ ಸೇರಿದೆ ಅನ್ನುವುದನ್ನು ಬರೆದ ಬಟ್ಟೆಯ ಪಟ್ಟಿ ಇರುತ್ತದೆ. ಒಗೆದರೂ ಹೋಗದ ಶಾಯಿಯಲ್ಲಿ ಬರೆಯುತ್ತೇನೆ. ಪದರಗಳನ್ನು ಕೂಡಿಸುವ ಮೊದಲೇ ಅದನ್ನು ಹಿಂಬದಿ ಬಟ್ಟೆಗೆ ಹೊಲಿದುಬಿಡುತ್ತೇನೆ. ಆಮೇಲೆ ಬರುವ ಹೊಲಿಗೆಯ ಸಾಲುಗಳೂ ಅದರ ಮೇಲೇ ಹಾದುಹೋಗುವುದರಿಂದ ಪಟ್ಟಿಯನ್ನು ಕಿತ್ತು ತೆಗೆಯುವುದು ಸುಲಭವಲ್ಲ.